ಸದ್ದು ಬಿದ್ದರೆ ಅಕ್ಷರ ಬಿದ್ದ ಹಾಗೆ

ಆ ದಿನ ಬೆಳಿಗ್ಗೆ ಟಕಟಕಕ್ಕ ಕುರ್ಚಿ ಎಳೆದು ಕೂತು, ಎಂದಿನಂತೆ ಎರಡೂ ಕೈ ಮೇಜಿನ ಮೇಲಿಟ್ಟಾಗ ಅಲ್ಲಿ ಅವಳ ಕೀಬೋರ್ಡು ಇರಲಿಲ್ಲ. ಅದರ ಜಾಗದಲ್ಲಿ ತೆಳ್ಳಗಿನ ಹಲಗೆಯಂಥದ್ದೇನೋ ಇತ್ತು. ಒಂದು ಕೀ ಒತ್ತಿ ನೋಡಿದಳು. ಸದ್ದಿಲ್ಲ. ಇನ್ನೊಂದು ಒತ್ತಿದಳು. ಅದಕ್ಕೂ ಸದ್ದಿಲ್ಲ. ಎದೆ ಧಸಕ್ಕೆಂದಿತು.

ಕೀಬೋರ್ಡು ಬದಲಾದರೆ ಎದೆ ಧಸಕ್ಕೆನ್ನುವಂಥದ್ದು ಏನಿದೆ ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಆದರೆ ಉತ್ತರ ಹೇಳಬೇಕಾದರೆ ಅವಳು ಎಂಟು ತಿಂಗಳಿಂದ ಮಡಿಲಲ್ಲಿ ಕೆಂಡದ ಹಾಗೆ ಕಟ್ಟಿಕೊಂಡು ಓಡಾಡುತ್ತಿದ್ದ ಗುಟ್ಟನ್ನೂ ಹೇಳಬೇಕಾಗುತ್ತದೆ.

ಅವಳು ದೊಡ್ಡ ಆಸ್ಪತ್ರೆಯ ಟೈಪಿಸ್ಟು. ಎಕ್ಸ್‌ರೇ ಕೋಣೆಯ ಹಿಂದಿನ ಓಣಿಯಂಥ ಜಾಗದ ತುದಿಯಲ್ಲಿ ಒಂದು ಕಿಟಕಿಯ ಚಿಕ್ಕ ಕೋಣೆ, ಮೂರು ಗೋಡೆಗೂ ಕಬ್ಬಿಣದ ರ‍್ಯಾಕು, ರ‍್ಯಾಕಿನ ತುಂಬ ಫೈಲು. ರೋಗಿಗಳು ಮನೆಗೆ ಹೋಗುವಾಗ ಯಾವ ಔಷಧಿ, ಎಷ್ಟು, ದಿನಕ್ಕೆ ಎಷ್ಟು ಸಲ ಅಂತ ಡಾಕ್ಟರುಗಳು ಚಿಕ್ಕ ರೆಕಾರ್ಡರಿಗೆ ಹೇಳಿ ಕಳಿಸುತ್ತಿದ್ದರು. ಅವಳು ಅದನ್ನು ಕೇಳಿಸಿಕೊಂಡು ಡಿಸ್ಚಾರ್ಜ್ ಕಾಗದ ಟೈಪ್ ಮಾಡುತ್ತಿದ್ದಳು. ಕಾಗದ ನೇರ ವಾರ್ಡಿನ ಪ್ರಿಂಟರಿನಲ್ಲಿ ಬರುತ್ತಿತ್ತು, ಅಲ್ಲಿ ಡಾಕ್ಟರು ಸಹಿ ಹಾಕುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕಾಗದದಲ್ಲಿ ಒಂದು ತಪ್ಪು ಹುಡುಕಿದವರಿಲ್ಲ. ಹುಡುಕಿ ಹುಡುಕಿ ಸುಸ್ತಾಗಿ, ಕೊನೆಗೆ ಹುಡುಕುವುದನ್ನೇ ಬಿಟ್ಟಿದ್ದರು.

ಟಕಟಕಕ್ಕ ಅನ್ನುವ ಹೆಸರು ತಂದುಕೊಟ್ಟಿದ್ದು ಆ ಹಳೆಯ ಕೀಬೋರ್ಡು. ಅದೊಂದು ಭಾರದ ವಸ್ತು. ಎತ್ತಿಕೊಂಡರೆ ರುಬ್ಬುವ ಕಲ್ಲು ಎತ್ತಿದ ಹಾಗೆ ಸೊಂಟ ಹಿಡಿಯಬೇಕು. ಒಳಗೆ ಉಕ್ಕಿನ ತಗಡು, ಪ್ರತಿ ಕೀ ಕೆಳಗೂ ಒಂದೊಂದು ಸ್ಪ್ರಿಂಗು, ಟೆಲಿಫೋನಿನದರ ಹಾಗೆ ಸುರುಳಿ ಸುತ್ತಿದ ವೈರು. ಬಿಳಿ ಬಣ್ಣ ಎಂದೋ ಹಳದಿಗೆ ತಿರುಗಿತ್ತು. ಬೆರಳು ಒತ್ತುತ್ತಾ ಹೋದರೆ ಅರ್ಧ ದಾರಿಯವರೆಗೆ ಕೀ ಜಗ್ಗುವುದಿಲ್ಲ ಅಂತ ಹಟ ಹಿಡಿಯುತ್ತದೆ, ಆಮೇಲೆ ಟಕ್ ಎಂದು ಒಪ್ಪಿಕೊಳ್ಳುತ್ತದೆ. ಆ ಟಕ್ಕಿಗೆ ಮರುಳಾಗದವರಿಲ್ಲ. ಹೊಸದಾಗಿ ಬಂದ ಎಳೆಯ ಡಾಕ್ಟರುಗಳು ನೆಪ ಹುಡುಕಿಕೊಂಡು ಬಂದು, "ಅಕ್ಕ, ಒಂದೇ ಒಂದು ಸಾಲು ಹೊಡೀತೀನಿ" ಅಂತ ಕೂತು ತಮ್ಮ ಹೆಸರು ಹೊಡೆದು ನಗುತ್ತಾ ಹೋಗುತ್ತಿದ್ದರು. ಕಂಪ್ಯೂಟರ್ ರಿಪೇರಿಯವನಂತೂ ಅದರ ಭಕ್ತ. ಊರೆಲ್ಲ ಅವನನ್ನು ವೈರಣ್ಣ ಅನ್ನುತ್ತಿತ್ತು, ಯಾಕೆಂದರೆ ಅವನ ಜೇಬಿನಿಂದ ಯಾವಾಗಲೂ ಒಂದು ವೈರು ಇಣುಕುತ್ತಿತ್ತು. ಕಂಪ್ಯೂಟರುಗಳು ಮೂರು ಸಲ ಬದಲಾದವು, ಈ ಹಳೇ ಕೀಬೋರ್ಡಿನ ದುಂಡು ಪಿನ್ನು ಹೊಸ ಯಂತ್ರಕ್ಕೆ ಹೊಂದುವುದಿಲ್ಲ ಅಂತ ಎಲ್ಲರೂ ಕೈಚೆಲ್ಲಿದಾಗ ಅವನೇ ಎಲ್ಲಿಂದಲೋ ಒಂದು ಅಡಾಪ್ಟರ್ ತಂದು ಜೋಡಿಸಿದ್ದ. "ಇದು ಕೆಟ್ಟರೆ ನಾವು ಸತ್ತಮೇಲೆ ಕೆಡಬೇಕು ಅಕ್ಕ" ಅನ್ನುತ್ತಿದ್ದ.

ಟಕಟಕಕ್ಕನ ಕೆಲಸದ ರೀತಿಯೇ ಬೇರೆ. ಎಡಗಿವಿಯಲ್ಲಿ ಇಯರ್‌ಫೋನು, ಅದು ಡಾಕ್ಟರಿಗೆ. ಬಲಗಿವಿ ಖಾಲಿ, ಅದು ಕೀಬೋರ್ಡಿಗೆ. ಸದ್ದು ಬಿದ್ದರೆ ಅಕ್ಷರ ಬಿದ್ದ ಹಾಗೆ. ಪರದೆ ನೋಡಬೇಕಾಗಿಯೇ ಇರಲಿಲ್ಲ. ಮೊದಮೊದಲು ಅದು ಜಂಬದ ಮಾತಾಗಿತ್ತು. ಎಂಟು ತಿಂಗಳಿಂದ ಜಂಬ ಹೋಗಿ ಅದೇ ಗತಿಯಾಗಿತ್ತು.

ಅವಳ ಕಣ್ಣು ಹೋಗುತ್ತಿತ್ತು. ಪೂರ್ತಿ ಅಲ್ಲ, ನಡುಭಾಗ ಮಾತ್ರ. ಬಾಗಿಲ ಚೌಕಟ್ಟು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ಕಾಗದದ ಅಂಚು ಕಾಣುತ್ತದೆ, ಕಾಗದದ ಮೇಲಿನ ಸಾಲು ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ. ಬೇರೆ ಊರಿಗೆ ಹೋಗಿ, ಬೇರೆ ಡಾಕ್ಟರಿಗೆ ತೋರಿಸಿ, ಹೋದ ದೃಷ್ಟಿ ವಾಪಸು ಬರುವುದಿಲ್ಲ ಅನ್ನುವುದನ್ನು ಕೇಳಿಸಿಕೊಂಡು ಬಂದಿದ್ದಳು. ಆಸ್ಪತ್ರೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಫೈಲು ತೆರೆಯುವುದು, ಉಳಿಸುವುದು, ವಾರ್ಡಿಗೆ ಕಳಿಸುವುದು ಎಲ್ಲಕ್ಕೂ ಕೀಗಳಿದ್ದವು, ಅವಳ ಬೆರಳಿಗೆ ಬಾಯಿಪಾಠ. ಒಂದೇ ಒಂದು ಸಲ, ಮೇಜಿನ ಮೇಲಿದ್ದ ಟೀ ಲೋಟ ಕಾಣದೆ ಕೈ ತಗುಲಿ ಚೆಲ್ಲಿತ್ತು. ಸೆರಗಿನಿಂದಲೇ ಒರೆಸಿ, ಯಾರೂ ನೋಡಲಿಲ್ಲ ಅಂತ ಖಾತ್ರಿ ಮಾಡಿಕೊಂಡು, ಆ ದಿನದಿಂದ ಮೇಜಿನ ಮೇಲೆ ಲೋಟ ಇಡುವುದನ್ನೇ ಬಿಟ್ಟಿದ್ದಳು.

ಗುಟ್ಟು ಗೊತ್ತಿದ್ದುದು ಮನೆಯಲ್ಲಿ ಅತ್ತೆಗೆ ಮಾತ್ರ. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಅತ್ತೆ ಸೊಸೆ ಇಬ್ಬರೇ. ಎಂಬತ್ತೊಂದರ ಅತ್ತೆಗೆ ಮಂಡಿ ಹೋಗಿತ್ತು, ನಾಲಿಗೆ ಚೆನ್ನಾಗಿತ್ತು. ಸೂಜಿಗೆ ದಾರ ಪೋಣಿಸಲು ಸೊಸೆ ಮೂರು ಸಲ ತಡಕಾಡಿದ್ದನ್ನು ನೋಡಿಯೇ ಹಿಡಿದುಬಿಟ್ಟಿದ್ದರು.

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗಾಯ್ತು ಕಣೇ ನಿಂದು. ಇಲ್ಲಿ ಬೆಕ್ಕಿಗೇ ಕಣ್ಣಿಲ್ಲ, ಅಷ್ಟೇ ವ್ಯತ್ಯಾಸ. ಹೇಳಿಬಿಡು ಅವರಿಗೆ."

"ಇನ್ನು ಹದಿನಾಲ್ಕು ತಿಂಗಳು ಅತ್ತೆ. ಆಮೇಲೆ ಹೇಗೂ ನಿವೃತ್ತಿ."

"ನೀನು ಹೊಡೆಯೋದು ಸಿನಿಮಾ ಪೋಸ್ಟರ್ ಅಲ್ಲ, ಔಷಧಿ ಚೀಟಿ."

"ನನ್ನ ಕೀಬೋರ್ಡು ನನಗೆ ಸುಳ್ಳು ಹೇಳೋದಿಲ್ಲ ಅತ್ತೆ" ಅಂದಿದ್ದಳು. ಹೇಳಿಬಿಟ್ಟರೆ ನಾಳೆಯಿಂದಲೇ ಮನೆಯಲ್ಲಿ ಕೈಕಟ್ಟಿ ಕೂರಬೇಕಲ್ಲ ಅನ್ನುವುದೇ ಅವಳ ಭಯ. ಮಂಕಾಗುತ್ತಾ ಹೋಗುವ ಕೋಣೆಯಲ್ಲಿ ಏನೂ ಮಾಡದೆ ಕೂರುವುದನ್ನು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ.

ಈಗ ನೋಡಿ, ಆ ಕೀಬೋರ್ಡೇ ಇಲ್ಲ.

ವೈರಣ್ಣನಿಗೆ ಫೋನು ಮಾಡಿದಳು. ಅವನು ಆರಾಮಾಗಿದ್ದ. "ವರ್ಷಕ್ಕೊಂದು ಸಲ ಬಿಚ್ಚಿ ತೊಳೀತೀನಲ್ಲ ಅಕ್ಕ, ಅದಕ್ಕೇ ಬೆಳಿಗ್ಗೆ ಬೇಗ ಬಂದು ತಗೊಂಡೆ. ಸಂಜೆ ಒಳಗೆ ತಂದ್ಕೊಡ್ತೀನಿ. ಒಂದು ದಿನ ಹೊಸದರಲ್ಲಿ ಹೊಡೀರಿ, ನಿಮಗೇನು ಕಷ್ಟ."

ಏನು ಕಷ್ಟ ಅಂತ ಹೇಳುವ ಹಾಗಿಲ್ಲ. ರಜೆ ಕೇಳೋಣವೆಂದರೆ ಆಗಲೇ ಒಂಬತ್ತು ರೆಕಾರ್ಡಿಂಗು ಬಂದು ಕೂತಿದ್ದವು, ಒಂಬತ್ತು ಮನೆಯವರು ಬ್ಯಾಗು ಕಟ್ಟಿಕೊಂಡು ಕಾಯುತ್ತಿದ್ದರು. ಅವಳು ಇಯರ್‌ಫೋನು ಎಡಗಿವಿಗೆ ಹಾಕಿಕೊಂಡಳು. ಬಲಗಿವಿಗೆ ಏನೂ ಕೇಳಿಸಲಿಲ್ಲ. ಬೆರಳ ಕೆಳಗೆ ಕೀಗಳು ರಬ್ಬರಿನ ಹಾಗೆ ಒಳಹೋಗಿ ಹೊರಬಂದವು. ಬಿತ್ತೋ ಇಲ್ಲವೋ, ದೇವರೇ ಬಲ್ಲ. ಪ್ರತಿ ಕೀಯನ್ನೂ ಕೊನೆಯವರೆಗೆ ಗುದ್ದಿ ಗುದ್ದಿ ಒತ್ತಿದಳು. ಹನ್ನೊಂದು ಗಂಟೆಯ ಹೊತ್ತಿಗೆ ರವಿಕೆ ಬೆನ್ನಿಗೆ ಅಂಟಿತ್ತು.

ಏಳನೆಯದು ಮಕ್ಕಳ ಡಾಕ್ಟರಮ್ಮನದು. ಎರಡು ತಿಂಗಳ ಗಂಡುಮಗು, ಹೃದಯದ ಔಷಧಿ, ದ್ರವರೂಪ. "ಸೊನ್ನೆ ಪಾಯಿಂಟ್ ಐದು ಎಂಎಲ್, ದಿನಕ್ಕೆ ಎರಡು ಸಲ" ಅಂದಿತು ಕಿವಿಯಲ್ಲಿ ದನಿ. ಸೊನ್ನೆ ಒತ್ತಿದಳು, ಚುಕ್ಕಿ ಒತ್ತಿದಳು, ಐದು ಒತ್ತಿದಳು. ಕಳಿಸಿದಳು. ಕಳಿಸಿದ ಮೇಲೆ ಕೈ ನಿಂತಿತು.

ಚುಕ್ಕಿ ಬಿತ್ತಾ?

ಬೀಳದಿದ್ದರೆ ಅಲ್ಲಿರುವುದು ಸೊನ್ನೆ, ಐದು. ಅಂದರೆ ಐದು. ಹತ್ತು ಪಟ್ಟು. ಎರಡು ತಿಂಗಳ ಮಗುವಿನ ಎದೆಗೆ ಅದು ಎಷ್ಟಾಯಿತು ಅನ್ನುವುದನ್ನು ತಿಳಿಯಲು ಅವಳು ಡಾಕ್ಟರಾಗಬೇಕಿರಲಿಲ್ಲ. ಪರದೆಗೆ ಮೂಗು ತಾಗಿಸಿ ನೋಡಿದಳು. ತಲೆ ಓರೆ ಮಾಡಿ ಕಣ್ಣಂಚಿನಿಂದ ನೋಡಿದಳು. ಬೂದು ಬಣ್ಣದ ಗೆರೆ, ಅಷ್ಟೇ. ಅಷ್ಟು ಚಿಕ್ಕ ಚುಕ್ಕಿ ಅವಳ ಪಾಲಿಗೆ ಎಂಟು ತಿಂಗಳ ಹಿಂದೆಯೇ ಇಲ್ಲವಾಗಿತ್ತು.

ವಾರ್ಡಿಗೆ ಫೋನು ಮಾಡಿದಳು. ಹೆಡ್ ಸಿಸ್ಟರೇ ಎತ್ತಿದರು.

"ಸಿಸ್ಟರ್, ಆ ಎರಡು ತಿಂಗಳ ಮಗುವಿನ ಕಾಗದ ಸ್ವಲ್ಪ ಓದಿ ಹೇಳ್ತೀರಾ?"

"ಸಹಿ ಆಯ್ತು, ಕೊಟ್ಟೂ ಆಯ್ತು ಅಕ್ಕ. ಔಷಧಿ ತಗೊಳ್ಳೋಕೆ ಕೆಳಗೆ ಹೋಗಿದ್ದಾರೆ. ಯಾಕೆ?"

"ಡಾಕ್ಟರಮ್ಮ ಓದಿ ಸಹಿ ಹಾಕಿದ್ರಾ?"

ಸಿಸ್ಟರ್ ನಕ್ಕರು. "ನಿಮ್ಮ ಟೈಪಿಂಗನ್ನ ಯಾರು ಅಕ್ಕ ಓದ್ತಾರೆ?"

ಎಲ್ಲರೂ ಹೊಗಳುತ್ತಿದ್ದ ಮಾತೇ ಅದು. ಅವತ್ತು ಅದನ್ನು ಕೇಳಿ ಅವಳು ಫೋನು ಇಟ್ಟು ಎದ್ದಳು.

ಓಡಿದಳು. ಗೋಡೆಗೆ ಕೈ ತಾಗಿಸಿಕೊಂಡು, ಇಪ್ಪತ್ತೆರಡು ವರ್ಷದ ಹೆಜ್ಜೆಲೆಕ್ಕದ ಮೇಲೆ ಮೆಟ್ಟಿಲಿಳಿದು, ಔಷಧಿ ಕಿಟಕಿಯ ಮುಂದೆ ಬಂದು ನಿಂತಳು. ಸಾಲಿನಲ್ಲಿ ಹತ್ತಿಪ್ಪತ್ತು ಜನ. ಯಾರಿಗೂ ಮುಖವಿಲ್ಲ. ಯಾರ ಕೈಯಲ್ಲಿ ಮಗು, ಯಾರ ಕೈಯಲ್ಲಿ ಬಟ್ಟೆಗಂಟು, ಒಂದೂ ತಿಳಿಯಲಿಲ್ಲ.

"ಎರಡು ತಿಂಗಳ ಮಗೂನ ಮನೆಗೆ ಕರ್ಕೊಂಡು ಹೋಗ್ತಿರೋರು ಯಾರಾದ್ರೂ ಇದ್ದೀರಾ?"

"ನಿಮ್ಮ ಎದುರಿಗೇ ನಿಂತಿದ್ದೀನಲ್ಲಮ್ಮ" ಅಂದಿತು ಒಂದು ಹೆಣ್ಣು ದನಿ, ಕೈ ಚಾಚಿದರೆ ತಾಗುವಷ್ಟು ಹತ್ತಿರದಿಂದ.

"ನಿಮ್ಮ ಕಾಗದದಲ್ಲಿ ಔಷಧಿ ಎಷ್ಟು ಅಂತ ಇದೆ, ಓದಿ."

"ಸೊನ್ನೆ, ಐದು."

"ನಡುವೆ ಚುಕ್ಕಿ ಇದೆಯಾ?"

"ಏನೋ ಇದೆ. ಚುಕ್ಕಿಯೋ ಕಸವೋ. ನೀವೇ ನೋಡಿ" ಅಂತ ತಾಯಿ ಕಾಗದವನ್ನು ಅವಳ ಕೈಗಿಟ್ಟಳು.

ಕಾಗದ ಕೈಯಲ್ಲಿತ್ತು. ಕಣ್ಣ ಮುಂದಿತ್ತು. ಸುತ್ತ ಜನ ಅವಳು ಓದುವುದನ್ನೇ ಕಾಯುತ್ತಿದ್ದರು. ಹೌದು ಇದೆ ಅಂದುಬಿಟ್ಟರೆ ಮರ್ಯಾದೆ ಉಳಿಯುತ್ತದೆ, ಮಗು ಉಳಿಯುತ್ತದೋ ಇಲ್ಲವೋ. ಹಿಂದಿನಿಂದ ಚಪ್ಪಲಿ ಸದ್ದು ಕೇಳಿಸಿತು. ಫೋನಿನ ದನಿಗೆ ಅನುಮಾನ ಬಂದು ಹೆಡ್ ಸಿಸ್ಟರ್ ಇಳಿದು ಬಂದಿದ್ದರು.

"ಏನಾಯ್ತು ಅಕ್ಕ?"

"ನೀವು ಓದಿ ಸಿಸ್ಟರ್. ನನಗೆ ಕಾಣ್ತಾ ಇಲ್ಲ. ಎಂಟು ತಿಂಗಳಿಂದ ಓದೋಕೆ ಆಗ್ತಾ ಇಲ್ಲ."

ಸಿಸ್ಟರ್ ಕಾಗದ ತೆಗೆದುಕೊಂಡರು. 

"ಸೊನ್ನೆ ಪಾಯಿಂಟ್ ಐದು. ಚುಕ್ಕಿ ಸಾಸಿವೆ ಕಾಳಿನ ಹಾಗೆ ಎದ್ದು ಕಾಣ್ತಿದೆ."

ಅವಳು ಅಲ್ಲೇ ಬೆಂಚಿನ ಮೇಲೆ ಕುಸಿದಳು. ತಾಯಿ ಮಗುವನ್ನೆತ್ತಿಕೊಂಡು ಹೋದಳು. ಸಿಸ್ಟರ್ ಪಕ್ಕದಲ್ಲಿ ಕೂತರು. ಅವಳ ಕೈ ಹಿಡಿದುಕೊಂಡರು. "ಎಂಟು ತಿಂಗಳಲ್ಲಿ ಏನೂ ತಪ್ಪಾಗಿಲ್ಲವಲ್ಲ. ಇದು ನಮ್ಮಿಬ್ಬರಲ್ಲೇ ಇರಲಿ. ಇನ್ನು ಮುಂದೆ ನಿಮ್ಮ ಪ್ರತಿ ಕಾಗದವನ್ನೂ, ಬೇರೆ ವಾರ್ಡಿನದಾದರೂ ತರಿಸಿಕೊಂಡು, ನಾನು ಓದಿಯೇ ಕೊಡ್ತೀನಿ. ನಿಮ್ಮ ನಿವೃತ್ತಿಗೆ ಹದಿನಾಲ್ಕು ತಿಂಗಳು ತಾನೇ, ಕಳೆದುಹೋಗುತ್ತೆ."

ಟಕಟಕಕ್ಕನ ಕಣ್ಣಲ್ಲಿ ನೀರು ಬಂತು. ನೋಡುವ ಕೆಲಸಕ್ಕೆ ಬಾರದ ಕಣ್ಣು ಅಳುವ ಕೆಲಸಕ್ಕೆ ಚೆನ್ನಾಗಿಯೇ ಇದೆ ಅಂತ ಅನಿಸಿ ನಗುವೂ ಬಂತು. ಬದುಕಿಕೊಂಡೆ ಅಂದುಕೊಂಡಳು. ಕೋಣೆಗೆ ಹಿಂದಿರುಗಿ ಉಳಿದೆರಡು ಕಾಗದ ಮುಗಿಸಿದಳು, ಅವೆರಡನ್ನೂ ಬೆಳಗಿನ ಆರರ ನಕಲನ್ನೂ ಸಿಸ್ಟರ್ ಓದಿ ಎಲ್ಲ ಸರಿಯಿದೆ ಅಂತ ಫೋನು ಮಾಡಿದರು.

ಮೂರು ಗಂಟೆಗೆ ವೈರಣ್ಣ ಬಂದ. ಕೀಬೋರ್ಡನ್ನು ಕಂಕುಳಲ್ಲಿ ಕೂಸಿನ ಹಾಗೆ ಹಿಡಿದುಕೊಂಡು, ಹಲ್ಲು ಕಿರಿದುಕೊಂಡು.

"ಒಳ್ಳೇ ದಿನ ಬಿಚ್ಚಿದೆ ಅಕ್ಕ. ಟೀ ಚೆಲ್ಲಿದ್ರಾ ಇದರ ಮೇಲೆ? ಸಕ್ಕರೆ ಎಲ್ಲ ಒಳಗಿಳಿದು ಅಂಟು ಹಿಡಿದುಬಿಟ್ಟಿತ್ತು, ಬಲಗಡೆ ಕೆಳಗಿನ ಮೂಲೇಲಿ. ಚುಕ್ಕಿ ಕೀ ಇದೆ ನೋಡಿ, ಅದರ ಕೆಳಗಿನ ಪ್ಲಾಸ್ಟಿಕ್ ಹಾಳೆ ಹಾಳಾಗಿತ್ತು."

"ಇಲ್ಲ ವೈರಣ್ಣ" ಅಂದಳು. "ಚುಕ್ಕಿ ಸರಿಯಾಗೇ ಹೊಡೀತಿತ್ತು. ಸದ್ದು ಬರ್ತಿತ್ತಲ್ಲ."

"ಸದ್ದಿಗೇನು, ಬರುತ್ತೆ. ಸದ್ದು ಮಾಡೋದು ಸ್ಪ್ರಿಂಗು, ಅಕ್ಷರ ಕಳಿಸೋದು ಕೆಳಗಿನ ಹಾಳೆ. ನಾನೂ ಒತ್ತಿ ನೋಡಿದೆ, ಪ್ರತಿ ಸಲವೂ ಟಕ್ ಅಂತಿತ್ತು, ಇಪ್ಪತ್ತು ಸಲಕ್ಕೆ ಒಂದು ಸಲ ಚುಕ್ಕಿ ಮಾತ್ರ ಬೀಳ್ತಿರಲಿಲ್ಲ. ನಿಮಗೆ ಪರದೆ ಮೇಲೆ ಗೊತ್ತಾಗಿರಬೇಕಲ್ಲ?"

ಟಕಟಕಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಟೀ ಚೆಲ್ಲಿದ್ದು ಯಾವತ್ತು ಅಂತ ಈ ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತು. ಒಂದು ಮಂಗಳವಾರ, ಮಧ್ಯಾಹ್ನ. ಅಲ್ಲಿಂದ ಇಲ್ಲಿಗೆ ಹನ್ನೊಂದು ವಾರ. ದಿನಕ್ಕೆ ಎಂಟೋ ಹತ್ತೋ ಕಾಗದ. ವಾಕ್ಯದ ಕೊನೆಯ ಚುಕ್ಕಿ ಬೀಳದಿದ್ದರೆ ಹಾಳಾಗಲಿ, ಯಾರೂ ಸಾಯುವುದಿಲ್ಲ. ಅಂಕಿಗಳ ನಡುವಿನ ಚುಕ್ಕಿ? ಅವಳು ಹೆದರಿಕೊಂಡು ಹೊಡೆದ ಇವತ್ತಿನ ಕಾಗದಗಳು ಸರಿಯಿದ್ದವು. ನೆಮ್ಮದಿಯಾಗಿ, ಟಕ್ ಟಕ್ ಅಂತ ಕೇಳಿಸಿಕೊಂಡು ಹೊಡೆದ ಹನ್ನೊಂದು ವಾರದ ಕಾಗದಗಳು ಎಲ್ಲೆಲ್ಲೋ ಮನೆಗಳಲ್ಲಿ, ಔಷಧಿ ಬಾಟಲಿಯ ಪಕ್ಕದಲ್ಲಿ ಕೂತಿದ್ದವು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ವೈರಣ್ಣನಿಗೆ ಇದು ಬರೀ ಅಂಟು. ಸಿಸ್ಟರ್ ಬಾಯಿ ಬಿಡುವುದಿಲ್ಲ ಅಂದಿದ್ದಾರೆ. ಹದಿನಾಲ್ಕು ತಿಂಗಳು. ಆ ಯೋಚನೆ ಬಂತು, ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಅದು ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಫೋನೆತ್ತಿ ನೇರ ಮಕ್ಕಳ ಡಾಕ್ಟರಮ್ಮನಿಗೆ ಹಚ್ಚಿದಳು.

ಡಾಕ್ಟರಮ್ಮ ಬಂದರು, ಹೆಡ್ ಸಿಸ್ಟರೂ ಬಂದರು. ಟಕಟಕಕ್ಕ ಎದ್ದು ನಿಂತು ಎಲ್ಲವನ್ನೂ ಹೇಳಿದಳು: ಕಣ್ಣು, ಟೀ, ಚುಕ್ಕಿ. ಬಯ್ಯುತ್ತಾರೆ ಅಂತ ಕಾದಳು. ಡಾಕ್ಟರಮ್ಮನ ಮುಖ ಅವಳಿಗೆ ಕಾಣಲಿಲ್ಲ, ದನಿ ಮಾತ್ರ ಕೇಳಿಸಿತು.

"ಅಷ್ಟಕ್ಕೂ ಸಹಿ ಹಾಕಿದವಳು ನಾನು ಅಕ್ಕ. ಒಂದನ್ನೂ ಓದಿಲ್ಲ."

ಬೇರೆ ವಾರ್ಡಿನ ಡಾಕ್ಟರುಗಳಿಗೆಲ್ಲ ತಾವೇ ಫೋನು ಮಾಡಿ ಹೇಳಿದರು. ಆಮೇಲೆ ರ‍್ಯಾಕಿನಿಂದ ಡಿಸ್ಚಾರ್ಜ್ ಕಾಗದಗಳ ನಕಲುಗಳಿದ್ದ ಫೈಲುಗಳನ್ನು ಇಳಿಸಿದರು. ಮಕ್ಕಳ ವಾರ್ಡಿನವು ಮೊದಲು. ಹೆಡ್ ಸಿಸ್ಟರ್ ನೆಲದ ಮೇಲೆ ಕೂತು ಓದುತ್ತಾ ಹೋದರು. ಒಂದು ಪಾಯಿಂಟ್ ಐದು. ಎರಡು ಪಾಯಿಂಟ್ ಐದು. ಪ್ರತಿ ಪಾಯಿಂಟಿಗೂ ಟಕಟಕಕ್ಕ ಉಸಿರು ಬಿಡುತ್ತಿದ್ದಳು. ಒಂದು ಕಟ್ಟು ಮುಗಿಯಿತು. ಎರಡನೆಯದರ ನಡುವೆ ಸಿಸ್ಟರ್ ದನಿ ನಿಂತಿತು.

"ಏಳು ತಿಂಗಳ ಹೆಣ್ಣುಮಗು. ಒಂಬತ್ತು ದಿನ ಆಯ್ತು ಮನೆಗೆ ಹೋಗಿ. ಹೃದಯದ ಔಷಧಿ, ದಿನಕ್ಕೆ ಎರಡು ಸಲ..."

"ಎಷ್ಟು ಅಂತ ಓದಿ ಸಿಸ್ಟರ್."

ಸಿಸ್ಟರ್ ಓದಲಿಲ್ಲ. ಕಾಗದದ ಮೇಲಿದ್ದ ಫೋನ್ ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಮೇಜಿನ ಮೇಲಿಟ್ಟರು. ರಿಂಗಾಯಿತು. ಮತ್ತೆ ರಿಂಗಾಯಿತು. ಟಕಟಕಕ್ಕ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಏಳನೇ ರಿಂಗಿಗೆ ಯಾರೋ ಎತ್ತಿದರು.

"ಹಲೋ, ಯಾರು?"

ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಅವಳು ಬಗ್ಗಿ ಹೇಳಿದಳು, "ಆಸ್ಪತ್ರೆಯಿಂದಮ್ಮ. ನಿಮ್ಮ ಕಾಗದ ಟೈಪ್ ಮಾಡಿದವಳು ನಾನು. ಅದರಲ್ಲಿ ಒಂದು ತಪ್ಪು ಮಾಡಿದ್ದೀನಿ. ಮಗುವಿಗೆ ಆ ಔಷಧಿ ಎಷ್ಟು ಕೊಡ್ತಿದ್ದೀರಿ?"



"ಅರ್ಧ ಎಂಎಲ್" ಅಂದಳು ಆ ತಾಯಿ. "ಕಾಗದದಲ್ಲಿ ಐದು ಅಂತಿತ್ತು. ನಮ್ಮತ್ತೆ ಒಪ್ಪಲಿಲ್ಲ. ಇಷ್ಟು ಚಿಕ್ಕ ಬಾಟಲಿ ಮೂರು ದಿನಕ್ಕೆ ಖಾಲಿಯಾಗುತ್ತೆ, ಅಂಥ ಔಷಧಿ ಯಾರು ಬರೀತಾರೆ ಅಂತ ಹಟ ಹಿಡಿದು ಔಷಧಿ ಅಂಗಡೀಲಿ ಕೇಳಿಸಿದ್ರು. ಅವರು ಅರ್ಧ ಇರಬೇಕು ಅಂದ್ರು. ನಿಮಗೆ ಫೋನ್ ಮಾಡೋಣ ಅಂದ್ಕೊಂಡೆ, ಆದರೆ ಅಷ್ಟು ದೊಡ್ಡ ಆಸ್ಪತ್ರೆಯವರು ತಪ್ಪು ಮಾಡ್ತಾರಾ ಅಂತ ಸುಮ್ಮನಾದೆ."

ಫೋನಿನಲ್ಲಿ ಆ ತಾಯಿಯ ಹಿಂದೆ ಎಲ್ಲೋ ಒಂದು ಮಗು ಚೀರಿ ಚೀರಿ ಅಳುತ್ತಿತ್ತು. ಎಂಥ ಗಟ್ಟಿ ಗಂಟಲು. ಟಕಟಕಕ್ಕ ಆ ಅಳುವನ್ನೇ ಕೇಳುತ್ತಾ ನಿಂತಳು. ಡಾಕ್ಟರಮ್ಮ ಫೋನೆತ್ತಿಕೊಂಡು ನಾಳೆ ಬೆಳಿಗ್ಗೆಯೇ ಮಗುವನ್ನು ಕರೆತರಲು ಹೇಳಿ ಮುಗಿಸಿದರು.

ವೈರಣ್ಣ ಇಷ್ಟು ಹೊತ್ತೂ ಬಾಗಿಲ ಹತ್ತಿರ ವೈರು ಹಿಡಿದುಕೊಂಡು ನಿಂತೇ ಇದ್ದ. ಅವನ ನಗು ಆಗಲೇ ಹೋಗಿತ್ತು. "ಅಕ್ಕ, ಹೊಸ ಹಾಳೆ ಹಾಕಿದ್ದೀನಿ. ಈಗ ಸರಿಯಾಗಿದೆ" ಅಂತ ಮೆಲ್ಲಗೆ ಹೇಳಿ ಕೀಬೋರ್ಡನ್ನು ಅವಳ ಮುಂದಿಟ್ಟ.

ಅವಳು ಕೈ ಚಾಚಿ, ತಡಕದೆ, ಬಲಗಡೆ ಕೆಳಗಿನ ಮೂಲೆಯ ಕೀಯನ್ನು ಒತ್ತಿದಳು. ಟಕ್. ಇಪ್ಪತ್ತೆರಡು ವರ್ಷ ಕೇಳಿದ ಸದ್ದು. ಹನ್ನೊಂದು ವಾರದಲ್ಲಿ ಸುಳ್ಳು ಹೇಳಿದಾಗಲೂ ಅದು ಹೀಗೇ ಇತ್ತು, ಇಷ್ಟೇ ಚೆನ್ನಾಗಿತ್ತು. ಅವಳು ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

"ತಗೊಂಡು ಹೋಗು ವೈರಣ್ಣ, ನೀನೇ ಇಟ್ಕೋ" ಅಂದಳು. ಆಮೇಲೆ ನೆಲದ ಮೇಲಿದ್ದ ಸಿಸ್ಟರ್ ಕಡೆ ತಿರುಗಿದಳು. "ಇನ್ನೆಷ್ಟು ಉಳಿದಿವೆ?"

"ನಮ್ಮ ವಾರ್ಡಿನವೇ ಎರಡೂವರೆ ಕಟ್ಟು."

"ಓದಿ. ಚುಕ್ಕಿ ಇದ್ದರೆ ಚುಕ್ಕಿ ಇದೆ ಅಂತ ಬಾಯಿಬಿಟ್ಟು ಹೇಳಿ" ಅಂತ ಅವಳು ಫೋನನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು.